ಗೋಳು ಹೊಯ್ದುಕೊಳ್ಳುವ ಟೆಟ್ರಿಸ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇವು ಎಂಥ ಆಟಗಳು?

ಮೇಲಿನಿಂದ ಇಳಿಯುವ ತುಂಡುಗಳನ್ನು ತಿರುಗಿಸಿ, ಅತ್ತಿತ್ತ ಸರಿಸಿ, ಸಂದಿಯಿಲ್ಲದಂತೆ ಜೋಡಿಸಿ ಸಾಲು ತುಂಬಿಸುವ ಆಟ ಯಾರಿಗೆ ಗೊತ್ತಿಲ್ಲ? 1984ರಲ್ಲಿ ಮಾಸ್ಕೋದಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಅಲೆಕ್ಸಿ ಪಜಿತ್ನೊವ್ ಬರೆದ ಟೆಟ್ರಿಸ್ ಇದರ ಮೂಲ. ಅವರು ಬಳಸಿದ ಎಲೆಕ್ಟ್ರಾನಿಕಾ 60 ಯಂತ್ರಕ್ಕೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ತುಂಡುಗಳನ್ನು ಆವರಣ ಚಿಹ್ನೆಗಳಿಂದಲೇ ಮೂಡಿಸಬೇಕಾಗಿತ್ತು. ನಮ್ಮ ಕಡೆ ತೊಂಬತ್ತರ ದಶಕದಲ್ಲಿ ಜಾತ್ರೆಯ ಅಂಗಡಿಗಳಲ್ಲಿ ಸಿಗುತ್ತಿದ್ದ, ಡಬ್ಬಿಯ ಮೇಲೆ 9999 ಆಟಗಳೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದ ‘ಬ್ರಿಕ್ ಗೇಮ್’ ಯಂತ್ರದಲ್ಲಿ ಇದನ್ನು ಕಲಿತವರು ಬಹಳ ಮಂದಿ.

ಈ ಪುಟದಲ್ಲಿ ಹೇಳಹೊರಟಿರುವುದು ಅದರ ಕಿಡಿಗೇಡಿ ಸಂತಾನದ ಬಗ್ಗೆ. ಆಟಗಾರ ಸೋಲಲಿ ಎಂದೇ ಬರೆದ ಟೆಟ್ರಿಸ್‌ಗಳು ಇವು. ಕೆಲವು ಆ ಹೊತ್ತಿಗೆ ಅತ್ಯಂತ ನಿರುಪಯೋಗಿಯಾದ ತುಂಡನ್ನೇ ಹುಡುಕಿ ಕೊಡುತ್ತವೆ. ಕೆಲವು ತುಂಡುಗಳನ್ನು ವಾಲಿಸುತ್ತವೆ, ಪರದೆಯನ್ನೇ ತಿರುಗಿಸುತ್ತವೆ, ಅಥವಾ ಇಟ್ಟ ತುಂಡನ್ನು ಕಾಣದಂತೆ ಮಾಡುತ್ತವೆ. ಮೊದಲನೆಯ ಬಗೆಯೇ ನನಗೆ ಹೆಚ್ಚು ಪ್ರಿಯವಾದ್ದರಿಂದ ಜಾಗವನ್ನೂ ಅದೇ ಹೆಚ್ಚು ತಿನ್ನುತ್ತದೆ.

ಮಾಮೂಲಿ ಟೆಟ್ರಿಸ್ ಕೂಡ ಬೇಕೆಂದೇ ಉದ್ದ ಕಡ್ಡಿಯನ್ನು ತಡೆಹಿಡಿಯುತ್ತದಲ್ಲವೇ?

ಇಲ್ಲ. ಹಾಗೆ ಅನ್ನಿಸುವುದು ಮಾತ್ರ ನಿಜ. ಚೌಕಾಬಾರದಲ್ಲಿ ಹಣ್ಣಾಗಲು ಒಂದೇ ಮನೆ ಉಳಿದಾಗ ಕವಡೆಗಳು ಹಗೆ ಸಾಧಿಸುತ್ತವೆ ಎನ್ನಿಸುತ್ತದಲ್ಲ, ಅದೇ ಭ್ರಮೆ.

ಆದರೆ ಹಳೆಯ ಆಟಗಳಲ್ಲಿ ಆ ದೂರಿಗೆ ಸ್ವಲ್ಪ ಆಧಾರ ಇತ್ತು. 1989ರಲ್ಲಿ ನಿಂಟೆಂಡೊ ತನ್ನ ಟಿವಿ ಯಂತ್ರಕ್ಕೆ ತಂದ ಟೆಟ್ರಿಸ್‌ನಲ್ಲಿ ತುಂಡನ್ನು ಆರಿಸುವ ಕ್ರಮ ಬಹಳ ಸರಳ. ಯಂತ್ರ ಎಂಟು ಮುಖದ ದಾಳ ಉರುಳಿಸುತ್ತದೆ. ಏಳು ಮುಖಕ್ಕೆ ಏಳು ತುಂಡು (ನಾಲ್ಕು ಚೌಕ ಸಾಲಾಗಿರುವ ಉದ್ದ ಕಡ್ಡಿ, ಮತ್ತು ಆಕಾರ ಹೋಲುವ ಇಂಗ್ಲಿಷ್ ಅಕ್ಷರದಿಂದ ಕರೆಯುವ ಓ, ಟಿ, ಎಲ್, ಜೆ, ಎಸ್, ಝಡ್), ಎಂಟನೆಯದು ಖಾಲಿ. ಖಾಲಿ ಬಿದ್ದರೆ ಅಥವಾ ಹಿಂದಿನ ತುಂಡೇ ಮತ್ತೆ ಬಿದ್ದರೆ ಖಾಲಿ ಮುಖವಿಲ್ಲದ ದಾಳವನ್ನು ಇನ್ನೊಮ್ಮೆ ಉರುಳಿಸಿ, ಆಗ ಬಂದದ್ದನ್ನು ಕೊಟ್ಟುಬಿಡುತ್ತದೆ. ಅದಕ್ಕಿಂತ ಹಿಂದಿನದು ಯಂತ್ರಕ್ಕೆ ನೆನಪಿಲ್ಲ. ಹೀಗಾಗಿ ಉದ್ದ ಕಡ್ಡಿ ಎಷ್ಟು ಹೊತ್ತು ಬಾರದೆ ಇರಬಹುದು ಎಂಬುದಕ್ಕೆ ಮಿತಿಯೇ ಇಲ್ಲ. ಪ್ರತಿ ಸಲ ಏಳರಲ್ಲೊಂದು ಅವಕಾಶ ಎಂದಿಟ್ಟುಕೊಂಡರೆ, ಮುಂದಿನ ಮೂವತ್ತು ತುಂಡುಗಳಲ್ಲಿ ಒಂದೂ ಕಡ್ಡಿ ಸಿಗದಿರುವ ಸಂಭವ ನೂರರಲ್ಲಿ ಒಂದರಷ್ಟು. ನೂರಾರು ತುಂಡು ಇಳಿಯುವ ಆಟದಲ್ಲಿ ಇದು ಆಗಾಗ ಆಗಿಯೇ ಆಗುತ್ತದೆ. ಆ ಆಟದ ಪಳಗಿದವರು ಇದನ್ನು ‘ಬರ’ ಎನ್ನುತ್ತಾರೆ.

ಈಗಿನ ಅಧಿಕೃತ ಟೆಟ್ರಿಸ್‌ಗಳಲ್ಲಿ ಬರ ಬೀಳದಂತೆ ಏರ್ಪಾಡು ಮಾಡಲಾಗಿದೆ. ಏಳು ತುಂಡುಗಳನ್ನೂ ಒಂದು ಚೀಲಕ್ಕೆ ಹಾಕಿ ಕಲಸಿ, ಒಂದೊಂದಾಗಿ ತೆಗೆದು, ಖಾಲಿಯಾದ ಮೇಲೆ ಮತ್ತೆ ತುಂಬುವ ಪದ್ಧತಿ ಅದು. ಎರಡು ಕಡ್ಡಿಗಳ ನಡುವೆ ಹೆಚ್ಚೆಂದರೆ ಹನ್ನೆರಡು ಬೇರೆ ತುಂಡು ಬರಬಹುದು, ಹದಿಮೂರನೆಯದು ಬರಲಾರದು. ಇದು ಅದೃಷ್ಟವಲ್ಲ, ಯಾರೋ ಕೂತು ನಮ್ಮ ಮೇಲೆ ತೋರಿಸಿದ ದಯೆ. ಕಿಡಿಗೇಡಿ ಟೆಟ್ರಿಸ್ ಆಡುವವರೆಗೆ ಈ ದಯೆ ಕಣ್ಣಿಗೆ ಬೀಳುವುದಿಲ್ಲ.

ಬ್ಯಾಸ್ಟೆಟ್ ಎಂದರೇನು?

ಇಟಲಿಯ ಫೆಡೆರಿಕೊ ಪೊಲೋನಿ ಬರೆದ, ಲಿನಕ್ಸ್ ಟರ್ಮಿನಲ್‌ನಲ್ಲೇ ನಡೆಯುವ ಉಚಿತ ಆಟ. ಡೆಬಿಯನ್, ಉಬುಂಟು ಬಳಸುವವರಿಗೆ ತಂತ್ರಾಂಶ ಭಂಡಾರದಲ್ಲೇ ಸಿಗುತ್ತದೆ. ಹೊಸ ತುಂಡು ಕೊಡುವ ಮೊದಲು ಅದು ಏಳೂ ತುಂಡುಗಳನ್ನು ಮನಸ್ಸಿನಲ್ಲೇ ಇಟ್ಟು ನೋಡುತ್ತದೆ: ಈ ರಾಶಿಯ ಮೇಲೆ ಟಿ ಬಂದರೆ ಆಟಗಾರನಿಗೆ ಎಷ್ಟು ಲಾಭ, ಓ ಬಂದರೆ ಎಷ್ಟು, ಕಡ್ಡಿ ಬಂದರೆ ಎಷ್ಟು ಎಂದು ಅಂಕ ಹಾಕುತ್ತದೆ. ಆಮೇಲೆ ಕಡಿಮೆ ಅಂಕದ ತುಂಡಿಗೆ ಹೆಚ್ಚು ಅವಕಾಶ ಕೊಟ್ಟು ಆರಿಸುತ್ತದೆ.

‘ಹೆಚ್ಚು ಅವಕಾಶ’ ಎಂಬ ಮಾತನ್ನು ಗಮನಿಸಿ. ಬ್ಯಾಸ್ಟೆಟ್ ಪ್ರತಿ ಸಲವೂ ಕೆಟ್ಟದ್ದನ್ನೇ ಕೊಡುವುದಿಲ್ಲ. ಅಪರೂಪಕ್ಕೆ ಒಳ್ಳೆಯದನ್ನೂ ಎಸೆಯುತ್ತದೆ. ಅದರ ಕ್ರೌರ್ಯದ ಗುಟ್ಟೇ ಇದು. ಪೂರ್ತಿ ಕೆಟ್ಟವನ ಬಳಿ ಯಾರೂ ಏನನ್ನೂ ಬಯಸುವುದಿಲ್ಲ, ಒಮ್ಮೊಮ್ಮೆ ಕೊಡುವವನ ಮುಂದೆ ಕೈಯೊಡ್ಡಿ ನಿಂತಿರುತ್ತೇವೆ. ಬಲಗಡೆ ಒಂದು ಕಾಲಂ ಖಾಲಿ ಬಿಟ್ಟು, ನಾಲ್ಕು ಸಾಲು ಗಟ್ಟಿಯಾಗಿ ಕಟ್ಟಿ, ಕಡ್ಡಿಗಾಗಿ ಕಾಯುವ ಅಭ್ಯಾಸವಿರುವವರಿಗೆ ಬ್ಯಾಸ್ಟೆಟ್ ನರಕ. ಆ ಬಾವಿ ಆಳವಾದಷ್ಟೂ ಕಡ್ಡಿಯ ಅಂಕ ಏರುತ್ತದೆ. ಅಂಕ ಏರಿದಷ್ಟೂ ಅದು ಬರುವ ಸಂಭವ ಇಳಿಯುತ್ತದೆ.

ಹೇಟ್ರಿಸ್ ಬ್ಯಾಸ್ಟೆಟ್‌ಗಿಂತ ಹೇಗೆ ಬೇರೆ?

2010ರಲ್ಲಿ ಸ್ಯಾಮ್ ಹ್ಯೂಸ್ ಬರೆದ ಹೇಟ್ರಿಸ್ ಬ್ರೌಸರಿನಲ್ಲಿ ನಡೆಯುತ್ತದೆ. ಇದರಲ್ಲಿ ದಾಳವೇ ಇಲ್ಲ. ಪ್ರತಿಯೊಂದು ತುಂಡಿಗೂ, ಅದನ್ನು ಎಲ್ಲಿ ಕೂರಿಸಿದರೆ ರಾಶಿ ಅತಿ ತಗ್ಗಾಗಿ ಉಳಿಯುತ್ತದೆ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಆಟಗಾರ ಎಷ್ಟೇ ಚೆನ್ನಾಗಿ ಇಟ್ಟರೂ ಯಾವ ತುಂಡು ರಾಶಿಯನ್ನು ಅತಿ ಎತ್ತರಕ್ಕೆ ಒಯ್ಯುತ್ತದೋ ಅದನ್ನೇ ಕೊಡುತ್ತದೆ. ಅಂಕ ಸಮವಾದರೆ ಮೊದಲೇ ಗೊತ್ತು ಮಾಡಿದ ಸರದಿಯಂತೆ ಆರಿಸುತ್ತದೆ. ಆ ಸರದಿಯ ತಲೆಯಲ್ಲಿರುವುದು ಎಸ್. ನೀವು ನಿನ್ನೆ ಆಡಿದಂತೆಯೇ ಇಂದೂ ಆಡಿದರೆ ನಿನ್ನೆ ಬಂದ ತುಂಡುಗಳೇ ಇಂದೂ ಬರುತ್ತವೆ. ಒಂದು ಆಟವನ್ನು ಪುಟ್ಟ ಸಂಕೇತವಾಗಿ ಬರೆದಿಟ್ಟು ಇನ್ನೊಬ್ಬರಿಗೆ ಕಳಿಸಿದರೆ ಅವರು ಅದನ್ನು ಮರಳಿ ಓಡಿಸಿ ನೋಡಬಹುದು.

ಇನ್ನೊಂದು ವಿಚಿತ್ರ: ಹೇಟ್ರಿಸ್‌ನಲ್ಲಿ ತುಂಡು ತಾನಾಗಿ ಕೆಳಗೆ ಬೀಳುವುದಿಲ್ಲ. ನೀವು ಒತ್ತಿದರೆ ಮಾತ್ರ ಇಳಿಯುತ್ತದೆ. ಚಹಾ ಕುಡಿದು ಬಂದು ಯೋಚಿಸಬಹುದು. ಇಟ್ಟ ನಡೆಯನ್ನು ಹಿಂದಕ್ಕೆ ಪಡೆಯಲೂಬಹುದು. ಅವಸರ ಮಾಡಿಸಿ ಸೋಲಿಸಿತು ಎಂಬ ನೆಪವನ್ನೂ ಅದು ನಮಗೆ ಬಿಡುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ಸಂತಾನದಲ್ಲಿ ಅತ್ಯಂತ ಪ್ರಾಮಾಣಿಕ ಆಟ ಇದೇ. ಅದರ ಹಗೆತನಕ್ಕೊಂದು ನಿಯಮವಿದೆ, ಆ ನಿಯಮ ಬಚ್ಚಿಟ್ಟದ್ದಲ್ಲ.

ಹೇಟ್ರಿಸ್ ಪದೇ ಪದೇ ಎಸ್ ತುಂಡನ್ನೇ ಯಾಕೆ ಕೊಡುತ್ತದೆ?

ಲೆಕ್ಕ ಹಾಕಿಯೇ ನೋಡೋಣ. ಎಸ್ ಎಂದರೆ ಕೆಳಗೆ ಎರಡು ಚೌಕ, ಅದರ ಮೇಲೆ ಒಂದು ಹೆಜ್ಜೆ ಬಲಕ್ಕೆ ಸರಿದ ಎರಡು ಚೌಕ. ಅಂಕಣ ಖಾಲಿ ಇರುವಾಗ ಕಡ್ಡಿಯನ್ನು ಮಲಗಿಸಿದರೆ ರಾಶಿಯ ಎತ್ತರ ಒಂದು. ಉಳಿದ ಆರರಲ್ಲಿ ಯಾವುದನ್ನೇ ಹೇಗೆ ಇಟ್ಟರೂ ಕನಿಷ್ಠ ಎತ್ತರ ಎರಡು. ಆರೂ ಸಮ, ಸರದಿಯಲ್ಲಿ ಮುಂದಿರುವ ಎಸ್ ಬರುತ್ತದೆ.

ಅದನ್ನು ಎಡ ಮೂಲೆಯಲ್ಲಿ ಮಲಗಿಸಿ. ಈಗ ರಾಶಿ ಆಗಲೇ ಎರಡು ಎತ್ತರ ಇರುವುದರಿಂದ ಕಡ್ಡಿ ಬಂದರೂ ಎತ್ತರ ಎರಡೇ. ಏಳೂ ಸಮ, ಮತ್ತೆ ಎಸ್. ಇದನ್ನು ಮೊದಲನೆಯದರ ಬಲಕ್ಕೆ ಇಳಿಸಿ, ತಳ ಮುಟ್ಟಿದ ಮೇಲೆ ಎಡಕ್ಕೊಮ್ಮೆ ಸರಿಸಿದರೆ ಮೊದಲನೆಯದರ ಚಾಚಿದ ಮೂಗಿನ ಕೆಳಗೆ ಸರಿಯಾಗಿ ನುಸುಳುತ್ತದೆ. ಮೂರನೆಯದೂ ಎಸ್. ಅದನ್ನೂ ಹೀಗೆ ನುಸುಳಿಸಿದರೆ ತಳದ ಹತ್ತು ಚೌಕಗಳಲ್ಲಿ ಆರು ತುಂಬಿರುತ್ತವೆ. ಅಬ್ಬಾ, ಇನ್ನು ನಾಲ್ಕೇ ಬೇಕು, ಒಂದು ಕಡ್ಡಿ ಮಲಗುವಷ್ಟು! ಆದರೆ ಆ ನಾಲ್ಕರಲ್ಲಿ ಒಂದರ ತಲೆಯ ಮೇಲೆ ಮೂರನೆಯ ಎಸ್‌ನ ಮೂಗು ಚಾಚಿಕೊಂಡಿದೆ, ಬಲಕ್ಕೆ ಗೋಡೆ. ಕಡ್ಡಿ ಅಲ್ಲಿ ನುಸುಳಲಾರದು, ಎಲ್ಲಿ ಇಟ್ಟರೂ ಎತ್ತರ ಕನಿಷ್ಠ ಮೂರು. ಉಳಿದ ಆರರಲ್ಲಿ ಯಾವುದು ಬಂದರೂ ಎತ್ತರವನ್ನು ಎರಡಕ್ಕೇ ನಿಲ್ಲಿಸಬಹುದಿತ್ತು. ಆದ್ದರಿಂದ ನಾಲ್ಕನೆಯದು ಕಡ್ಡಿಯೇ.

ಮೊದಲ ಮೂರೂ ಎಸ್, ನಾಲ್ಕನೆಯದು ಬೇಡದ ಹೊತ್ತಿಗೆ ಬಂದ ಕಡ್ಡಿ, ಯಂತ್ರ ಎಲ್ಲೂ ಮೋಸ ಮಾಡಿಲ್ಲ.

ಎಸ್ ಮತ್ತು ಝಡ್ ಮಾತ್ರ ಬರುತ್ತಿದ್ದರೆ ಯಾರೇ ಆದರೂ ಸೋಲಲೇಬೇಕೇ?

ಹೌದು, ಹತ್ತು ಕಾಲಂ ಅಗಲದ ಅಂಕಣದಲ್ಲಿ ಸೋಲಲೇಬೇಕು. ಇದು ಆಟಗಾರರ ಗೊಣಗಾಟವಲ್ಲ, ಗಣಿತದಲ್ಲಿ ಸಾಧಿಸಿದ ಮಾತು.

ಬರೀ ಎಸ್ ಬಂದರೆ ಬದುಕಬಹುದು ಎಂಬುದು ಮೊದಲ ಅಚ್ಚರಿ. ಅಂಕಣವನ್ನು ಎರಡೆರಡು ಕಾಲಮ್ಮಿನ ಐದು ಓಣಿಗಳಾಗಿ ಭಾಗ ಮಾಡಿ. ಪ್ರತಿ ಓಣಿಯಲ್ಲೂ ಎಸ್ ಅನ್ನು ನೆಟ್ಟಗೆ ನಿಲ್ಲಿಸುತ್ತಾ ಹೋಗಿ. ನೆಟ್ಟಗಿನ ಎಸ್ ಮೇಲೆ ನೆಟ್ಟಗಿನ ಎಸ್ ಒಂದಿಷ್ಟೂ ಸಂದಿಯಿಲ್ಲದೆ ಕೂರುತ್ತದೆ. ತೂತು ಉಳಿಯುವುದು ತಳದ ಸಾಲಿನಲ್ಲಿ ಮಾತ್ರ. ಐದು ಓಣಿಗೆ ಐದು ಎಸ್ ಎಂದರೆ ಇಪ್ಪತ್ತು ಚೌಕ, ಅಂದರೆ ಎರಡು ಸಾಲು. ತಳದ ಸಾಲು ಎಂದೂ ಹೋಗುವುದಿಲ್ಲ, ಅದರ ಮೇಲಿನವು ಹೋಗುತ್ತಲೇ ಇರುತ್ತವೆ. ಕಾಲಕಾಲಕ್ಕೂ ಆಡಬಹುದು.

ತೊಡಕು ಬರುವುದು ಎಸ್ ಒಮ್ಮೆ ಝಡ್ ಒಮ್ಮೆ ಬಂದಾಗ. ಎಸ್‌ನ ಓಣಿಯಲ್ಲಿ ಝಡ್ ಕೂರಿಸಿದರೆ ತೂತು ಬೀಳುತ್ತದೆ, ಆದ್ದರಿಂದ ಓಣಿಗಳನ್ನು ಹಂಚಬೇಕು. ಐದು ಓಣಿಗಳನ್ನು ಇಬ್ಬರಿಗೆ ಸಮನಾಗಿ ಹಂಚುವುದು ಹೇಗೆ? ಎಸ್‌ಗೆ ಮೂರು ಕೊಟ್ಟರೆ ಝಡ್‌ಗೆ ಎರಡು. ತುಂಡುಗಳು ಮಾತ್ರ ಸಮಸಮವಾಗಿ ಬರುತ್ತವೆ. ಎರಡೇ ಓಣಿ ಇರುವ ಝಡ್ ರಾಶಿ ಬೇಗ ಬೇಗ ಬೆಳೆದು ಚಾವಣಿ ಮುಟ್ಟುತ್ತದೆ. ಅದನ್ನು ತಪ್ಪಿಸಲು ಓಣಿ ಬದಲಿಸಿದರೆ ತೂತು. ತೂತುಗಳು ಕೂಡುತ್ತಾ ಹೋಗಿ ಕೊನೆಗೆ ಅವೇ ಮುಳುಗಿಸುತ್ತವೆ. ಅಂಕಣ ಎಂಟು ಅಥವಾ ಹನ್ನೆರಡು ಕಾಲಂ ಅಗಲವಿದ್ದಿದ್ದರೆ ಓಣಿಗಳು ಸಮನಾಗಿ ಪಾಲಾಗುತ್ತಿದ್ದವು, ಒಮ್ಮೆ ಎಸ್ ಒಮ್ಮೆ ಝಡ್ ಕೊಡುವ ಯಂತ್ರದ ಈ ಉಪಾಯ ನಡೆಯುತ್ತಿರಲಿಲ್ಲ. ಹತ್ತು ಎಂಬ ಅಗಲವೇ ಸೋಲಿನ ಬೀಜ.

1992ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಸ್ನಾತಕೋತ್ತರ ಪ್ರಬಂಧದಲ್ಲಿ ಜಾನ್ ಬ್ರುಸ್ತೋವ್‌ಸ್ಕಿ, ಆಟಗಾರನ ನಡೆ ನೋಡಿ ಎಸ್ ಅಥವಾ ಝಡ್ ಆರಿಸುವ ಯಂತ್ರ ಗೆದ್ದೇ ಗೆಲ್ಲುತ್ತದೆ ಎಂದು ತೋರಿಸಿದರು. 1997ರಲ್ಲಿ ಹೈಡಿ ಬರ್ಗಿಯೆಲ್ ಇನ್ನೂ ಮುಂದೆ ಹೋದರು: ಯಂತ್ರ ನಿಮ್ಮ ರಾಶಿಯನ್ನು ನೋಡುವುದೂ ಬೇಡ, ಕಣ್ಣು ಮುಚ್ಚಿ ಎಸ್, ಝಡ್, ಎಸ್, ಝಡ್ ಎಂದು ಕೊಡುತ್ತಾ ಹೋದರೆ ಸಾಕು, 70,000 ತುಂಡುಗಳೊಳಗೆ ಆಟ ಮುಗಿಯುತ್ತದೆ. ಇಬ್ಬರ ಹೆಸರಿನ ವಿಧಾನಗಳನ್ನೂ ಹೇಟ್ರಿಸ್ ಪುಟದಲ್ಲೇ ಆರಿಸಿಕೊಂಡು ಆಡಬಹುದು.

ಹಾಗಾದರೆ ಮಾಮೂಲಿ ಟೆಟ್ರಿಸ್ ಕೂಡ ಎಂದಾದರೂ ಮುಗಿಯಲೇಬೇಕಲ್ಲ?

ತುಂಡುಗಳು ನಿಜಕ್ಕೂ ಯಾದೃಚ್ಛಿಕವಾಗಿದ್ದರೆ, ಹೌದು. ಸಾಕಷ್ಟು ಕಾಲ ಆಡಿದರೆ ಎಂದಾದರೊಂದು ದಿನ ಎಸ್ ಝಡ್‌ಗಳ ಆ ಮಾರಕ ಸರಣಿಯೂ ಬಂದೇ ಬರುತ್ತದೆ. ಅಷ್ಟು ಕಾಲ ನಾವಿರುವುದಿಲ್ಲ ಎಂಬುದು ಬೇರೆ ಮಾತು. ಚೀಲದ ಪದ್ಧತಿಯಲ್ಲಿ ಇದು ಸಾಧ್ಯವಿಲ್ಲ: ಎಸ್ ಝಡ್‌ಗಳು ಒಟ್ಟಿಗೆ ಸಾಲಾಗಿ ಬರುವುದು ಹೆಚ್ಚೆಂದರೆ ನಾಲ್ಕು.

ಕಂಪ್ಯೂಟರಿನ ಸಹಾಯ ಪಡೆದು ಈ ಆಟಗಳನ್ನು ಗೆಲ್ಲಬಹುದೇ?

‘ಗೆಲ್ಲುವುದು’ ಎಂದರೆ ಇಲ್ಲಿ ಒಂದೆರಡು ಸಾಲು ಹೆಚ್ಚು ಅಳಿಸುವುದು. ಹೇಟ್ರಿಸ್‌ನ ದಾಖಲೆ ವರ್ಷಗಟ್ಟಲೆ ಮೂವತ್ತರ ಆಸುಪಾಸಿನಲ್ಲಿ ನಿಂತಿತ್ತು. ಆಮೇಲೆ ಕೆಲವರು ಹಟ ಹಿಡಿದು ಪ್ರೋಗ್ರಾಂ ಬರೆದು, ಮುಂದಿನ ನಡೆಗಳ ಸಾಧ್ಯತೆಗಳನ್ನೆಲ್ಲ ಜಾಲಾಡಿಸಿ ಅದನ್ನು ಬಹಳ ಮೇಲಕ್ಕೆ ಒಯ್ದರು. ದಾಳವಿಲ್ಲದ್ದರಿಂದಲೇ ಇದು ಸಾಧ್ಯವಾಯಿತು. ಯಂತ್ರ ಒಂದೇ ಹೆಜ್ಜೆ ಮುಂದೆ ನೋಡುತ್ತದೆ. ಅದಕ್ಕಿಂತ ದೂರ ನೋಡಬಲ್ಲವರು ಅದಕ್ಕೆ ಬಲೆ ಹೆಣೆಯಬಹುದು. ದ್ವೇಷಕ್ಕೂ ದೂರದೃಷ್ಟಿ ಕಡಿಮೆ.

ಸುಲಭ ಎಂದುಕೊಳ್ಳಬೇಡಿ. ಬರಲಿರುವ ಎಲ್ಲ ತುಂಡುಗಳ ಪಟ್ಟಿಯನ್ನು ಮೊದಲೇ ಕೈಗಿತ್ತರೂ ಅತಿ ಹೆಚ್ಚು ಸಾಲು ಅಳಿಸುವ ದಾರಿ ಹುಡುಕುವುದು ಎನ್‌ಪಿ-ಕಂಪ್ಲೀಟ್ ಎಂಬ ಕಗ್ಗಂಟಿನ ವರ್ಗಕ್ಕೆ ಸೇರುತ್ತದೆ ಎಂದು 2002ರಲ್ಲಿ ಎಂಐಟಿಯ ಎರಿಕ್ ಡಿಮೇನ್ ಮತ್ತು ಇಬ್ಬರು ಸಹೋದ್ಯೋಗಿಗಳು ತೋರಿಸಿದ್ದಾರೆ.

ತುಂಡು ಆರಿಸುವುದನ್ನು ಬಿಟ್ಟು ಬೇರೆ ಯಾವ ಯಾವ ರೀತಿಯಲ್ಲಿ ಕಾಡುತ್ತವೆ?

‘ನಾಟ್ ಟೆಟ್ರಿಸ್ 2’ (2011) ಭೌತವಿಜ್ಞಾನವನ್ನು ಒಳಗೆ ಬಿಟ್ಟಿತು. ಮಾರಿಸ್ ಗೇಗನ್ ಬರೆದ ಈ ಆಟದಲ್ಲಿ ತುಂಡುಗಳಿಗೆ ತೂಕವಿದೆ, ಅವು ಯಾವ ಕೋನಕ್ಕೆ ಬೇಕಾದರೂ ವಾಲುತ್ತವೆ. ಸರಿಯಾಗಿ ಇಟ್ಟೆ ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಮುಂದಿನ ತುಂಡು ಅದರ ಅಂಚಿಗೆ ಬಡಿದು ಎಲ್ಲವನ್ನೂ ಓರೆ ಮಾಡುತ್ತದೆ. ಸಾಲು ಸಾಕಷ್ಟು ತುಂಬಿದರೆ ಆ ಪಟ್ಟಿಯನ್ನು ಕತ್ತರಿಸಿ ತೆಗೆಯುತ್ತದೆ. ಆಗ ಉಳಿಯುವ ಚೂರುಗಳ ಆಕಾರ ದೇವರಿಗೇ ಪ್ರೀತಿ. ಇದು ಕೋಪಕ್ಕಿಂತ ನಗುವನ್ನೇ ಹೆಚ್ಚು ತರಿಸುತ್ತದೆ.

ಡೇವಿಡ್ ಕ್ರಾಫ್ಟ್‌ಸೋ ಅವರ ‘ಫಸ್ಟ್ ಪರ್ಸನ್ ಟೆಟ್ರಿಸ್’ (2010) ಒಂದೇ ಒಂದು ಬದಲಾವಣೆ ಮಾಡಿತು: ತಿರುಗಿಸುವ ಗುಂಡಿ ಒತ್ತಿದರೆ ತುಂಡು ತಿರುಗುವುದಿಲ್ಲ, ಉಳಿದ ಲೋಕವೆಲ್ಲ ತಿರುಗುತ್ತದೆ. ಬಸ್ಸಿನಲ್ಲಿ ತಲೆ ಸುತ್ತುವವರು ಇದರಿಂದ ದೂರವಿರಿ.

ಅದೇ ವರ್ಷ ರ್ಯಾಂಡಲ್ ಮನ್ರೋ ತಮ್ಮ ಎಕ್ಸ್‌ಕೆಸಿಡಿ ಚಿತ್ರಸರಣಿಯಲ್ಲಿ ದುಂಡನೆಯ ತಳವಿರುವ ಟೆಟ್ರಿಸ್ ಅಂಕಣವೊಂದನ್ನು ಬರೆದು ‘ನರಕ’ ಎಂದು ಹೆಸರಿಟ್ಟರು. ತಮಾಷೆ ಅಲ್ಲಿಗೇ ನಿಲ್ಲಬೇಕಿತ್ತು, ಆದರೆ ಅದನ್ನು ನಿಜವಾದ ಆಟವಾಗಿ ಮಾಡಿದವರೂ ಹುಟ್ಟಿಕೊಂಡರು.

ಜಪಾನಿನ ಅರಿಕಾ ಕಂಪನಿಯ ‘ಟೆಟ್ರಿಸ್ ದಿ ಗ್ರ್ಯಾಂಡ್ ಮಾಸ್ಟರ್ 3’ (2005) ತಮಾಷೆಯ ಆಟವಲ್ಲ, ಪರಮ ನಿಪುಣರಿಗಾಗಿ ಮಾಡಿದ್ದು. ಆದರೂ ಇಲ್ಲಿ ಹೇಳದೆ ಇರಲಾರೆ. ಅದರ ಅತ್ಯುನ್ನತ ಪದವಿ ಬೇಕಾದವರು ಕೊನೆಯಲ್ಲಿ, ತಯಾರಕರ ಹೆಸರುಗಳು ಮೂಡುತ್ತಿರುವಾಗ, ಇಟ್ಟ ಕೂಡಲೇ ಮಾಯವಾಗುವ ತುಂಡುಗಳನ್ನು ಮನಸ್ಸಿನಲ್ಲೇ ನೆನಪಿಟ್ಟುಕೊಂಡು ಆಡಿ ಉಳಿಯಬೇಕು.

ವೇಗ ಹೆಚ್ಚಿಸಿದರೂ ಅದೇ ಪರಿಣಾಮವಲ್ಲವೇ?

ಅಲ್ಲ. ವೇಗ ಕೈಬೆರಳುಗಳ ಶತ್ರು, ಅಭ್ಯಾಸದಿಂದ ಮಣಿಯುತ್ತದೆ. ನಿಂಟೆಂಡೊ ಟೆಟ್ರಿಸ್‌ನ 29ನೆಯ ಮಟ್ಟವನ್ನು ಮನುಷ್ಯ ದಾಟಲಾರ ಎಂದು ಬಹುಕಾಲ ನಂಬಿದ್ದರು. ಗುಂಡಿ ಒತ್ತುವ ಹೊಸ ವರಸೆಗಳನ್ನು ಆಟಗಾರರು ಕಂಡುಕೊಂಡರು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ 157ನೆಯ ಮಟ್ಟದವರೆಗೂ ಹೋಗಿ ಆಟವನ್ನೇ ಸ್ತಬ್ಧಗೊಳಿಸಿದ. ಬರ್ಗಿಯೆಲ್ ಅವರ ಎಸ್ ಝಡ್ ಸರಣಿಯ ಮುಂದೆ ಅಂಥ ಬೆರಳುಗಳೂ ನಿರುಪಯೋಗಿ.

ಮೊದಲ ಸಲ ಆಡುವವರಿಗೆ ಏನಾದರೂ ಸಲಹೆ?

ಬ್ಯಾಸ್ಟೆಟ್‌ನಲ್ಲಿ ಬಾವಿ ತೋಡಬೇಡಿ. ನಾಲ್ಕು ಸಾಲಿನ ಆಸೆ ಬಿಟ್ಟು ಒಂದೊಂದೇ ಸಾಲು ಅಳಿಸಿ. ಯಾವುದೋ ಒಂದೇ ತುಂಡು ಬಂದರೆ ಬಚಾವ್ ಎಂಬಂಥ ರಾಶಿ ಕಟ್ಟಿದಿರೋ, ಆ ತುಂಡನ್ನು ಮರೆತುಬಿಡಿ. ಎರಡು ಮೂರು ಬಗೆಯ ತುಂಡುಗಳಿಗೆ ಒಂದೇ ಸಮನೆ ಉಪಯೋಗವಾಗುವಂತೆ ಮೇಲ್ಮೈಯನ್ನು ಇಟ್ಟರೆ ಯಂತ್ರಕ್ಕೆ ‘ಅತಿ ಕೆಟ್ಟದ್ದು’ ಆರಿಸುವುದು ಅಷ್ಟು ಲಾಭದಾಯಕವಾಗುವುದಿಲ್ಲ.

ಹೇಟ್ರಿಸ್‌ನಲ್ಲಿ ತದ್ವಿರುದ್ಧ. ಅದು ನೋಡುವುದು ಎತ್ತರವೊಂದನ್ನೇ, ತೂತುಗಳ ಬಗ್ಗೆ ಅದಕ್ಕೆ ತಲೆಬಿಸಿಯಿಲ್ಲ. ಸಪಾಟು ರಾಶಿ ಕಟ್ಟುವ ಹಳೆಯ ಶಿಸ್ತು ಅಲ್ಲಿ ಕೆಲಸಕ್ಕೆ ಬಾರದು. ಎಸ್ ಬರುತ್ತದೆ ಎಂದೇ ಎಣಿಸಿ, ಮುಂದಿನ ಎಸ್ ನುಸುಳಲು ಮೂಗಿನ ಕೆಳಗೆ ಜಾಗ ಬಿಡಿ. ಒಂದೇ ಒಂದು ಸಾಲು ಅಳಿಸಿದರೂ ಮನೆಮಂದಿಯನ್ನು ಕರೆದು ತೋರಿಸುವಷ್ಟು ಹಕ್ಕು ನಿಮಗಿದೆ.

ಮಕ್ಕಳಿಗೆ ಕೊಡಬಹುದೇ?

ಧಾರಾಳವಾಗಿ. ನಮಗಿಂತ ಬೇಗ ನಗುತ್ತಾರೆ, ಬೇಗ ಬಿಟ್ಟೇಳುತ್ತಾರೆ.

ಇಂಥದ್ದೊಂದನ್ನು ನಾನೇ ಬರೆಯಬಹುದೇ?

ಪ್ರೋಗ್ರಾಮಿಂಗ್ ಕಲಿಯುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಕಷ್ಟ. ಏಳು ತುಂಡುಗಳಿಗೆ ಒಟ್ಟು 19 ಭಂಗಿಗಳಿವೆ: ಓಗೆ ಒಂದು, ಕಡ್ಡಿ, ಎಸ್, ಝಡ್‌ಗೆ ಎರಡೆರಡು, ಎಲ್, ಜೆ, ಟಿಗೆ ನಾಲ್ಕು ನಾಲ್ಕು. ಹತ್ತು ಕಾಲಂ ಅಂಕಣದಲ್ಲಿ ಇವನ್ನೆಲ್ಲ ನೇರವಾಗಿ ಬೀಳಿಸಲು ಇರುವ ಜಾಗಗಳನ್ನು ಕೂಡಿದರೆ 162. ಇಷ್ಟನ್ನು ಪರೀಕ್ಷಿಸಿ ಅಂಕ ಹಾಕುವುದು ಯಾವ ಮೊಬೈಲಿಗೂ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸವೂ ಅಲ್ಲ. ಎರಡು ಹೆಜ್ಜೆ ಮುಂದೆ ನೋಡಿದರೆ 26,244 ಜೋಡಿಗಳು, ಅದೂ ಭಾರವಲ್ಲ.

ಕಷ್ಟ ಇರುವುದು ಅಂಕ ಹಾಕುವುದರಲ್ಲಿ. ಎತ್ತರಕ್ಕೆ ಮಾತ್ರ ಬೆಲೆ ಕಟ್ಟಿದರೆ ಹೇಟ್ರಿಸ್‌ನಂಥ ಹಟಮಾರಿ ಹುಟ್ಟುತ್ತದೆ. ತೂತುಗಳಿಗೂ ಬೆಲೆ ಕಟ್ಟಿದರೆ ಇನ್ನೊಂದು ಸ್ವಭಾವ. ಸ್ವಲ್ಪ ಅದೃಷ್ಟವನ್ನೂ ಬೆರೆಸಿದರೆ ಬ್ಯಾಸ್ಟೆಟ್ ದಾರಿ. ಗುಂಡಿಗಳನ್ನು ಅದಲುಬದಲು ಮಾಡುವುದು, ನಡುವೆ ಪರದೆ ಕಪ್ಪಾಗಿಸುವುದು ಇತ್ಯಾದಿ ಅಗ್ಗದ ಉಪಾಯಗಳಿಗೆ ಕೈ ಹಾಕಬೇಡಿ. ಅಂಥವು ಆಟಗಾರನನ್ನು ಸೋಲಿಸುವುದಿಲ್ಲ, ಎಬ್ಬಿಸಿ ಕಳಿಸುತ್ತವೆ.

ಬರೆದು ಮಾರಾಟಕ್ಕಿಡುವ ಯೋಚನೆಯಿದ್ದರೆ ಮಾತ್ರ ಎಚ್ಚರ. 2012ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯ, ಝಿಯೋ ಇಂಟರ್‌ಆಕ್ಟಿವ್ ಕಂಪನಿಯ ‘ಮಿನೋ’ ಎಂಬ ಮೊಬೈಲ್ ಆಟ ಟೆಟ್ರಿಸ್‌ನ ಹಕ್ಕುಸ್ವಾಮ್ಯವನ್ನು ಉಲ್ಲಂಘಿಸಿದೆ ಎಂದು ತೀರ್ಪಿತ್ತಿತು. ಆಟದ ನಿಯಮ ಯಾರ ಸ್ವತ್ತೂ ಅಲ್ಲ, ಆದರೆ ತುಂಡುಗಳ ರೂಪ, ಅಂಕಣದ ಅಳತೆ ಮುಂತಾದ ತೋರಿಕೆಯನ್ನು ಹಾಗೆಯೇ ಎತ್ತಿಕೊಳ್ಳುವಂತಿಲ್ಲ ಎಂಬುದು ಅದರ ಸಾರ.

ಟೆಟ್ರಿಸ್ ಅಲ್ಲದೆ ಬೇರೆ ಆಟಗಳಿಗೂ ಇಂಥ ರೂಪಗಳಿವೆಯೇ?

ಇವೆ. ಸ್ಯಾಮ್ ಹ್ಯೂಸ್ ಅವರೇ, ಗುಟ್ಟಿನ ಪದವನ್ನು ಊಹಿಸುವ ಆಟವಾದ ವರ್ಡಲ್‌ಗೆ ‘ಅಬ್ಸರ್ಡಲ್’ ಎಂಬ ತುಂಟ ತಮ್ಮನನ್ನು ಕೊಟ್ಟಿದ್ದಾರೆ. ಅದು ಮೊದಲೇ ಯಾವ ಪದವನ್ನೂ ಇಟ್ಟುಕೊಂಡಿರುವುದಿಲ್ಲ. ನೀವು ಊಹಿಸಿದಂತೆಲ್ಲ, ಸಾಧ್ಯವಿರುವ ಪದಗಳ ಅತಿ ದೊಡ್ಡ ಗುಂಪು ಉಳಿಯುವಂಥ ಉತ್ತರವನ್ನೇ ಕೊಡುತ್ತಾ ನುಣುಚಿಕೊಳ್ಳುತ್ತದೆ. ಅಲ್ಲಿ ಕೊನೆಗಾದರೂ ಯಂತ್ರ ಸಿಕ್ಕಿಬೀಳುತ್ತದೆ.

ಯಾವಾಗಲೂ ಒಳ್ಳೆಯ ತುಂಡನ್ನೇ ಕೊಡುವ ಟೆಟ್ರಿಸ್ ಇಲ್ಲವೇ?

ಹೇಟ್ರಿಸ್ ಪುಟದಲ್ಲೇ ‘ಲವ್‌ಟ್ರಿಸ್’ ಎಂಬ ಆಯ್ಕೆ ಇದೆ. ಆಡಿ ನೋಡಿ, ಹತ್ತು ನಿಮಿಷಕ್ಕೆ ಆಕಳಿಕೆ ಬರುತ್ತದೆ.